ಯಾವ ಕಾಲದ ರಿಂಗು? ನಡೆಯದ ಬಾಕ್ಸಿಂಗ್ ಪಂದ್ಯಗಳ ಹಿಂದಿನ ಕಥೆ

ಬಾಕ್ಸಿಂಗ್ ಹುಚ್ಚಿರುವ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಬೇರೆ ಬೇರೆ ಕಾಲದ ಮುಹಮ್ಮದ್ ಅಲಿ ಮತ್ತು ಮೈಕ್ ಟೈಸನ್ ಇಬ್ಬರೂ ಒಳ್ಳೆ ಫಾರ್ಮಿನಲ್ಲಿದ್ದಾಗ ಎದುರಾಗಿದ್ದರೆ? ಜೋ ಲೂಯಿಸ್‌ಗೆ ಜಾರ್ಜ್ ಫೋರ್‌ಮನ್ ಸಿಕ್ಕಿದ್ದರೆ? ಸುಮ್ನೆ ಹರಟೆ ಅನ್ನಿಸುತ್ತದೆ. ಆದರೆ ಈ ಹರಟೆಯಿಂದ ಒಬ್ಬ ದುಡ್ಡು ಮಾಡಿದ್ದಾನೆ, ಒಬ್ಬ ಕೋರ್ಟಿಗೆ ಹೋಗಿದ್ದಾನೆ, ಇನ್ನೊಬ್ಬ ಹೊಟ್ಟೆ ಕರಗಿಸಿ, ತಲೆಗೆ ವಿಗ್ ಹಾಕಿಕೊಂಡು ಮತ್ತೆ ರಿಂಗಿಗೆ ಇಳಿದಿದ್ದಾನೆ.

ದುಡ್ಡು ಮಾಡಿದವನು ಮಯಾಮಿಯ ರೇಡಿಯೋ ನಿರ್ಮಾಪಕ ಮರ್ರಿ ವೊರೊನರ್. 1967ರಲ್ಲಿ ಅವನು ಬೇರೆ ಬೇರೆ ಕಾಲದ 16 ಹೆವಿವೇಟ್ (ಅತಿ ಭಾರದ ವರ್ಗದ) ಬಾಕ್ಸರ್‌ಗಳನ್ನು ಆರಿಸಿ, ಅವರ ವಿವರಗಳನ್ನು ಎನ್‌ಸಿಆರ್ 315 ಎಂಬ ಕಂಪ್ಯೂಟರಿಗೆ ಕೊಟ್ಟು, ಬಂದ ಉತ್ತರವನ್ನು ನಿಜವಾದ ಪಂದ್ಯದ ಕಾಮೆಂಟರಿಯಂತೆ ರೇಡಿಯೋದಲ್ಲಿ ಬಿಟ್ಟ. ಜನ ಮುಗಿಬಿದ್ದು ಕೇಳಿದರು. ಫೈನಲ್‌ನಲ್ಲಿ ರಾಕಿ ಮಾರ್ಸಿಯಾನೋ ಜಾಕ್ ಡೆಂಪ್ಸಿಯನ್ನು ಸೋಲಿಸಿದ. ಮುಹಮ್ಮದ್ ಅಲಿ ಅಲ್ಲಿಯವರೆಗೆ ಬರಲೇ ಇಲ್ಲ, ಅದಕ್ಕೂ ಮೊದಲೇ ಜಿಮ್ ಜೆಫ್ರೀಸ್ ಕೈಲಿ ಸೋತಿದ್ದ.

ಅಲಿಗೆ ಉರಿದುಹೋಯಿತು. ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ಒಪ್ಪದ ಕಾರಣಕ್ಕೆ ಅದೇ ವರ್ಷ ಅವನ ಪಟ್ಟ ಕಿತ್ತುಕೊಂಡಿದ್ದರು, ಲೈಸೆನ್ಸೂ ಹೋಗಿತ್ತು. ರಿಂಗಿನಲ್ಲಿ ಯಾರೂ ಸೋಲಿಸದವನನ್ನು ಈಗ ಒಂದು ಯಂತ್ರ ಸೋಲಿಸಿತ್ತು. ಮಾನನಷ್ಟಕ್ಕೆ 10 ಲಕ್ಷ ಡಾಲರ್ ಕೇಳಿ ದಾವೆ ಹೂಡಿದ. ಕೊನೆಗೆ ಸಣ್ಣ ಮೊತ್ತಕ್ಕೆ ರಾಜಿಯಾಯಿತು. ಜೊತೆಗೆ, ಮಾರ್ಸಿಯಾನೋ ಎದುರು ಕ್ಯಾಮೆರಾ ಮುಂದೆ 'ಆಡಲು' ಒಪ್ಪಿದ.

ಮಾರ್ಸಿಯಾನೋ 49 ಪಂದ್ಯ ಆಡಿ 49ನ್ನೂ ಗೆದ್ದು 1956ರಲ್ಲಿ ನಿವೃತ್ತನಾಗಿದ್ದ. 1969ರ ಚಿತ್ರೀಕರಣದ ಹೊತ್ತಿಗೆ ಅವನಿಗೆ 45. ಸುಮಾರು 50 ಪೌಂಡ್ ತೂಕ ಇಳಿಸಿ ಬಂದ, ಬೋಳುತಲೆ ಕಾಣದಿರಲೆಂದು ವಿಗ್ ಹಾಕಿಕೊಂಡ. ರಕ್ತದ ಬದಲು ಕೆಚಪ್. ಒಂದೊಂದು ನಿಮಿಷದ ಎಷ್ಟೋ ರೌಂಡುಗಳನ್ನು, ಬೇರೆ ಬೇರೆ ಮುಕ್ತಾಯಗಳನ್ನು ಚಿತ್ರಿಸಿದರು. ಯಾವುದು ಪರದೆಗೆ ಬರುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ. ಮಾರ್ಸಿಯಾನೋಗೆ ಕೊನೆಗೂ ಗೊತ್ತಾಗಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1969ರ ಆಗಸ್ಟ್ 31ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡ.

1970ರ ಜನವರಿ 20ರಂದು 'ದಿ ಸೂಪರ್ ಫೈಟ್' ಚಿತ್ರಮಂದಿರಗಳಿಗೆ ಬಂತು. ಅಮೆರಿಕದಲ್ಲಿ 13ನೇ ರೌಂಡಿಗೆ ಮಾರ್ಸಿಯಾನೋ ಅಲಿಯನ್ನು ನಾಕೌಟ್ ಮಾಡಿದ. ಯುರೋಪಿನಲ್ಲಿ ಬೇರೆ ಮುಕ್ತಾಯ ತೋರಿಸಿದರು: ಮಾರ್ಸಿಯಾನೋ ಮುಖ ಹರಿದು ಪಂದ್ಯ ನಿಂತು, ಅಲಿ ಗೆದ್ದ. ಕಂಪ್ಯೂಟರಿನ ಲೆಕ್ಕ ಸಮುದ್ರ ದಾಟಿದ ಕೂಡಲೇ ಬದಲಾಯಿತು ಅಂದರೆ ಅದು ಲೆಕ್ಕವೇ ಅಲ್ಲ, ಅಲ್ವಾ? ಆ ಕಂಪ್ಯೂಟರನ್ನು ಅಲಬಾಮಾದಲ್ಲಿ ಮಾಡಿರಬೇಕು ಎಂದು ಅಲಿ ಕುಟುಕಿದನಂತೆ. ಕರಿಯರ ಮೇಲಿನ ದಬ್ಬಾಳಿಕೆಗೆ ಆ ರಾಜ್ಯ ಆಗ ಕುಖ್ಯಾತ.

ಆ ಕುಟುಕು ಬರೀ ತಮಾಷೆಯಲ್ಲ. ರೇಡಿಯೋದಲ್ಲಿ ಅಲಿಯನ್ನು 'ಸೋಲಿಸಿದ' ಜೆಫ್ರೀಸ್ ಯಾರು ಅಂತ ನೋಡಿ. ಬಿಳಿಯ ಚಾಂಪಿಯನ್. ಪಟ್ಟ ಕೈಲಿದ್ದಾಗ ಕರಿಯ ಬಾಕ್ಸರ್‌ಗಳ ಎದುರು ಅದನ್ನು ಪಣಕ್ಕಿಡಲು ಒಪ್ಪದೆ, ಸೋಲಿಲ್ಲದೆ ನಿವೃತ್ತನಾದವನು. 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಸೋಲಿಸಿ ಜಾಕ್ ಜಾನ್ಸನ್ ಮೊದಲ ಕರಿಯ ಹೆವಿವೇಟ್ ಚಾಂಪಿಯನ್ ಆದಾಗ, ಬಿಳಿಯರ ಬಾಯಲ್ಲಿ ಒಂದೇ ಮಾತು: ಜೆಫ್ರೀಸ್ ಇದ್ದಿದ್ದರೆ! ಅವನು ಬದುಕಿದ್ದನಲ್ಲ, ಆರು ವರ್ಷದಿಂದ ಗ್ಲೌಸ್ ಮುಟ್ಟದವನನ್ನು ಎಳೆದು ತಂದರು. 1910ರ ಜುಲೈ 4ರಂದು ನೆವಾಡಾದ ರೀನೋದಲ್ಲಿ, 15ನೇ ರೌಂಡಿಗೆ ಜಾನ್ಸನ್ ಅವನನ್ನು ಮುಗಿಸಿದ. ಅಂದು ರಾತ್ರಿ ಅಮೆರಿಕದ ಹಲವು ಊರುಗಳಲ್ಲಿ ಗಲಭೆಯಾಗಿ ಜನ ಸತ್ತರು. ಒಳ್ಳೆ ಫಾರ್ಮಿನಲ್ಲಿದ್ದಾಗಲೂ ಜಾನ್ಸನ್‌ನನ್ನು ಗೆಲ್ಲಲು ತನ್ನಿಂದ ಆಗುತ್ತಿರಲಿಲ್ಲ ಎಂದು ಜೆಫ್ರೀಸೇ ಒಪ್ಪಿಕೊಂಡನಂತೆ. ಅಭಿಮಾನಿಗಳು ಮಾತ್ರ ಒಪ್ಪಲಿಲ್ಲ. 57 ವರ್ಷದ ಮೇಲೆ ಕಂಪ್ಯೂಟರೂ ಒಪ್ಪಲಿಲ್ಲ ಅನ್ನಬೇಕು.

ಹೀಗೆ 'ಇದ್ದಿದ್ದರೆ' ಅನ್ನುವ ಆಟದಲ್ಲಿ ಷರತ್ತು ಹಾಕಿದವನೇ ಅರ್ಧ ಗೆದ್ದಿರುತ್ತಾನೆ. ಬಣ್ಣದ ವಿಷಯ ಬಿಡಿ, ಬರೀ ನಿಯಮಗಳನ್ನೇ ತಗೊಳ್ಳಿ.

1919ರಲ್ಲಿ ಡೆಂಪ್ಸಿ ಪಟ್ಟ ಗೆದ್ದಾಗ ಜೆಸ್ ವಿಲ್ಲಾರ್ಡ್ ಮೊದಲ ರೌಂಡಿನಲ್ಲೇ ಏಳು ಸಲ ಬಿದ್ದ. ಬಿದ್ದವನ ತಲೆಯ ಹತ್ತಿರವೇ ಡೆಂಪ್ಸಿ ನಿಂತಿರುತ್ತಿದ್ದ. ಏಳುತ್ತಿದ್ದಂತೆ ಮತ್ತೆ ಹೊಡೆತ. ಆಗ ಅದು ತಪ್ಪಲ್ಲ. 1927ರ ಸೆಪ್ಟೆಂಬರ್ 22ರಂದು ಶಿಕಾಗೋದಲ್ಲಿ ಜೀನ್ ಟನ್ನಿ ಎದುರು ಇಳಿಯುವ ಹೊತ್ತಿಗೆ ನಿಯಮ ಬದಲಾಗಿತ್ತು. ಎದುರಾಳಿ ಬಿದ್ದರೆ ದೂರದ ಮೂಲೆಗೆ ಹೋಗಿ ನಿಲ್ಲಬೇಕು, ಆಮೇಲೆಯೇ ರೆಫರಿ ಎಣಿಸುವುದು; ಹತ್ತು ಎಣಿಸುವಷ್ಟರಲ್ಲಿ ಏಳದಿದ್ದರೆ ಸೋಲು. ಏಳನೇ ರೌಂಡಿನಲ್ಲಿ ಟನ್ನಿ ಹಗ್ಗದ ಪಕ್ಕ ಕುಸಿದು ಕೂತ. ಡೆಂಪ್ಸಿ ಹಳೇ ಅಭ್ಯಾಸದಂತೆ ಅಲ್ಲೇ ನಿಂತ. ರೆಫರಿ ಅವನನ್ನು ಮೂಲೆಗೆ ಅಟ್ಟಿ ಬಂದು ಎಣಿಕೆ ಶುರು ಮಾಡಿದ. ಒಂಬತ್ತಕ್ಕೆ ಟನ್ನಿ ಎದ್ದ. ಗಡಿಯಾರದ ಪ್ರಕಾರ ಅಷ್ಟರಲ್ಲಿ ಸುಮಾರು 14 ಸೆಕೆಂಡ್ ಕಳೆದಿತ್ತು. ಕೊನೆಗೆ ಪಾಯಿಂಟ್ ಮೇಲೆ ಟನ್ನಿಯೇ ಗೆದ್ದ. ಈಗ ಯಾರಾದರೂ ಡೆಂಪ್ಸಿ-ಟೈಸನ್ ಪಂದ್ಯ ಕಲ್ಪಿಸಿಕೊಂಡರೆ ನಾನು ಮೊದಲು ಕೇಳುವುದು ಇದನ್ನೇ: 1919ರ ನಿಯಮವೋ, 1927ರದೋ?

ರೌಂಡುಗಳ ಲೆಕ್ಕ ಇನ್ನೂ ಜಾಸ್ತಿ ಪೆಟ್ಟು ಕೊಡುತ್ತದೆ. 1982ರಲ್ಲಿ ರೇ ಮಾನ್ಸಿನಿ ಎದುರು ಆಡಿದ ಕೊರಿಯಾದ ಡುಕ್ ಕೂ ಕಿಮ್ ಸತ್ತ ಮೇಲೆ, ಪಟ್ಟದ ಪಂದ್ಯಗಳು ನಿಧಾನವಾಗಿ 15ರಿಂದ 12 ರೌಂಡಿಗೆ ಇಳಿದವು. ಆದರೆ 1952ರಲ್ಲಿ ಮಾರ್ಸಿಯಾನೋ ಜರ್ಸಿ ಜೋ ವಾಲ್ಕಾಟ್‌ನಿಂದ ಪಟ್ಟ ಕಿತ್ತುಕೊಂಡಿದ್ದು 13ನೇ ರೌಂಡಿನಲ್ಲಿ. ಅಲ್ಲಿಯವರೆಗೆ ಎಲ್ಲ ತೀರ್ಪುಗಾರರ ಲೆಕ್ಕದಲ್ಲೂ ಅವನು ಹಿಂದಿದ್ದ. ಈಗಿನ ನಿಯಮವಿದ್ದಿದ್ದರೆ ಆ 49ರಲ್ಲಿ ಒಂದು ಸೋಲು. ಜೋ ಲೂಯಿಸ್ 1941ರಲ್ಲಿ ಬಿಲ್ಲಿ ಕಾನ್‌ನನ್ನು ಕೆಡವಿ ಪಟ್ಟ ಉಳಿಸಿಕೊಂಡಿದ್ದೂ 13ನೇ ರೌಂಡಿನಲ್ಲೇ.

ಹಳೇ ಪಂದ್ಯಗಳ ಫಿಲ್ಮ್ ನೋಡಿ ತೀರ್ಮಾನಿಸೋಣ ಅಂದರೆ ಅದಕ್ಕೂ ಅಡ್ಡಿಗಳಿವೆ. ಜಾನ್ಸನ್ ಗೆಲ್ಲುವುದನ್ನು ಊರೂರಿನಲ್ಲಿ ತೋರಿಸುವುದು ಬೇಡವೆಂದು 1912ರಲ್ಲಿ ಅಮೆರಿಕ ಕಾನೂನನ್ನೇ ತಂದಿತು. ಬಾಕ್ಸಿಂಗ್ ಫಿಲ್ಮನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವಂತಿಲ್ಲ. ಅದು ರದ್ದಾಗಿದ್ದು 1940ರಲ್ಲಿ. ಟನ್ನಿಯನ್ನು ವೃತ್ತಿಪರ ರಿಂಗಿನಲ್ಲಿ ಸೋಲಿಸಿದ ಒಬ್ಬನೇ ಒಬ್ಬ ಹ್ಯಾರಿ ಗ್ರೆಬ್. ಅವನ ಒಂದು ಪಂದ್ಯದ ಫಿಲ್ಮೂ ಇಂದು ಸಿಗುವುದಿಲ್ಲ, ಅಭ್ಯಾಸದ ತುಣುಕುಗಳಷ್ಟೇ. ಉಳಿದಿರುವ ಹಳೇ ಫಿಲ್ಮುಗಳೂ ತಪ್ಪು ವೇಗದಲ್ಲಿ ಓಡಿದರೆ ಘಟಾನುಘಟಿಗಳೆಲ್ಲ ಕೋಡಂಗಿಗಳಂತೆ ಕಾಣುತ್ತಾರೆ.

ಒಂದೇ ಕಾಲದವರಲ್ಲೂ ಲೆಕ್ಕ ಕೂಡಿಬರುವುದಿಲ್ಲ. 1971ರಲ್ಲಿ ಜೋ ಫ್ರೇಜಿಯರ್ ಎಂಬ ಹೆವಿವೇಟ್ ಅಲಿಯನ್ನು ಸೋಲಿಸಿದ. 1973ರಲ್ಲಿ ಫೋರ್‌ಮನ್ ಅದೇ ಫ್ರೇಜಿಯರ್‌ನನ್ನು ಎರಡೇ ರೌಂಡಿನಲ್ಲಿ ಆರು ಸಲ ಕೆಡವಿದ. ಹಾಗಾದರೆ ಅಲಿ ಗತಿ? 1974ರಲ್ಲಿ ಕಿನ್ಶಾಸಾದಲ್ಲಿ ಎಂಟನೇ ರೌಂಡಿಗೆ ಅಲಿಯೇ ಫೋರ್‌ಮನ್‌ನನ್ನು ಮಲಗಿಸಿದ. ಈ ಪಂದ್ಯಗಳು ನಡೆಯದೆ ಇದ್ದಿದ್ದರೆ ಯಾವ ಪಂಡಿತನೂ ಈ ಮೂರನ್ನೂ ಸರಿಯಾಗಿ ಹೇಳುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಇನ್ನು ಮೈಕಟ್ಟು. ಮಾರ್ಸಿಯಾನೋ ಸುಮಾರು 5 ಅಡಿ 10 ಇಂಚು, ತೂಕ 185 ಪೌಂಡಿನ ಆಸುಪಾಸು, ಅಂದರೆ 84 ಕೆಜಿ. ಈಗಾಗಿದ್ದರೆ ಅವನನ್ನು ಹೆವಿವೇಟ್‌ಗಿಂತ ಕೆಳಗಿನ, 200 ಪೌಂಡಿನ ಮಿತಿಯ ಕ್ರೂಸರ್‌ವೇಟ್ ವರ್ಗಕ್ಕೆ ಕಳಿಸುತ್ತಿದ್ದರು. ಎದುರಿಗೆ 6 ಅಡಿ 9 ಇಂಚಿನ ಟೈಸನ್ ಫ್ಯೂರಿ ನಿಂತರೆ ಹತ್ತಿರ ಹೋಗುವುದೇ ಕಷ್ಟ. ಹಳಬರ ಅಭಿಮಾನಿಗಳ ಹತ್ತಿರ ಇದಕ್ಕೂ ಉತ್ತರವಿದೆ: ಕ್ರೂಸರ್‌ವೇಟ್‌ನಿಂದ ಬಂದ ಒಲೆಕ್ಸಾಂಡರ್ ಉಸಿಕ್ 2024ರಲ್ಲಿ ಅದೇ ಫ್ಯೂರಿಯನ್ನು ಎರಡು ಸಲ ಸೋಲಿಸಲಿಲ್ಲವೇ? ಸೋಲಿಸಿದ, ನಿಜ. ಆದರೆ ಎರಡೂ ಸಲ ಅವನು 220 ಪೌಂಡ್ ದಾಟಿಸಿಕೊಂಡೇ ರಿಂಗಿಗೆ ಇಳಿದಿದ್ದ, ಎತ್ತರವೂ 6 ಅಡಿ 3 ಇಂಚು. ಮಾರ್ಸಿಯಾನೋಗೂ ಈಗಿನ ಊಟ, ಈಗಿನ ಟ್ರೈನಿಂಗ್ ಸಿಕ್ಕಿದ್ದರೆ ತೂಕ ಕೂಡುತ್ತಿತ್ತು ಅಂತ ಅವರು ವಾದಿಸುತ್ತಾರೆ. ತೂಕವೇನೋ ಕೂಡಬಹುದು. ಕೈ ಉದ್ದವಾಗುತ್ತದೆಯೇ?