ಪಂಚಾಯಿತಿ ಕಟ್ಟಡ ಸಂಘದ ಕೈಗೆ: ಬೀಗದ ಕೈಗಿಂತ ಮೊದಲು ಕರಾರು

ಶಿವಮೊಗ್ಗ ಜಿಲ್ಲೆಯ ಯಾವ ತಾಲ್ಲೂಕಿಗೆ ಹೋದರೂ ಬಾಗಿಲು ಮುಚ್ಚಿದ ಒಂದೆರಡು ಸಾರ್ವಜನಿಕ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಮಂಡಲ ಪಂಚಾಯಿತಿ ಕಾಲದ ಕಚೇರಿ, ಹೊಸ ಜಾಗಕ್ಕೆ ಹೋದ ಗ್ರಂಥಾಲಯದ ಹಳೆಯ ಕೊಠಡಿ, ಉದ್ಘಾಟನೆಯ ನಂತರ ಬಳಕೆಯೇ ಆಗದ ಸಮುದಾಯ ಭವನ, ಪಟ್ಟಣಗಳಲ್ಲಾದರೆ ಪುರಸಭೆಯ ಖಾಲಿ ನಿವೇಶನ. ಇವುಗಳನ್ನು ತಮಗೆ ಕೊಡಿ ಎಂದು ಯುವಕ ಸಂಘಗಳು, ಮಹಿಳಾ ಮಂಡಲಗಳು, ಮಹಿಳಾ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟಗಳು ಕೇಳುತ್ತಲೇ ಇರುತ್ತವೆ. ಕೇಳುವಾಗ ಬಹುತೇಕ ಎಲ್ಲರ ಅರ್ಜಿಯಲ್ಲೂ ಇರುವುದು ‘ನಮ್ಮ ಸಂಘದ ಹೆಸರಿಗೆ ಮಾಡಿಕೊಡಬೇಕು’ ಎಂಬ ಒಂದೇ ಕೋರಿಕೆ. ಸ್ಥಳೀಯ ಸಂಸ್ಥೆಗಳಿಗೂ ಸಂಘಗಳಿಗೂ ಕಾನೂನು ಸಲಹೆ ನೀಡುವ ವಕೀಲನಾಗಿ ನಾನು ಮೊದಲು ಹೇಳುವುದು, ಆ ಕೋರಿಕೆಯನ್ನು ಕೈಬಿಟ್ಟು ದೀರ್ಘಾವಧಿಯ ನೋಂದಾಯಿತ ಗುತ್ತಿಗೆಯನ್ನು ಕೇಳಿ ಎಂದು. ಮಾಲೀಕತ್ವ ವರ್ಗಾವಣೆಯ ಕಡತ ವರ್ಷಗಟ್ಟಲೆ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಅಷ್ಟರಲ್ಲಿ ಕಟ್ಟಡದ ಪಕಾಸು ಗೆದ್ದಲು ಹಿಡಿದಿರುತ್ತದೆ.

ಕೊಡುವವರಿಗೆ ಅದನ್ನು ಕೊಡುವ ಅಧಿಕಾರ ಇದೆಯೇ ಎಂಬುದು ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಶ್ರಮ ಬೇಡುವ ಪ್ರಶ್ನೆ. ಪಂಚಾಯಿತಿಯ ಬೋರ್ಡು ಇದ್ದ ಮಾತ್ರಕ್ಕೆ ಕಟ್ಟಡ ಪಂಚಾಯಿತಿಯದ್ದಾಗುವುದಿಲ್ಲ. ಕಟ್ಟಡ ಪಂಚಾಯಿತಿಯದ್ದೇ ಆಗಿದ್ದರೂ ಅದು ನಿಂತಿರುವ ನೆಲ ಪಂಚಾಯಿತಿಯದ್ದಾಗಿರಬೇಕೆಂದಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಅಭಿವೃದ್ಧಿ ಮಂಡಳಿಗಳಿದ್ದವು. 1983ರ ಕಾಯಿದೆಯಡಿ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳು ಬಂದವು. 1993ರ ಕಾಯಿದೆಯಿಂದ ಅವುಗಳ ಜಾಗಕ್ಕೆ ಈಗಿನ ಜಿಲ್ಲಾ, ತಾಲ್ಲೂಕು ಮತ್ತು ಗ್ರಾಮ ಪಂಚಾಯಿತಿಗಳು ಬಂದವು. ಪ್ರತಿ ಬದಲಾವಣೆಯಲ್ಲೂ ಆಸ್ತಿಗಳು ಕಾನೂನಿನ ಪ್ರಕಾರ ಮುಂದಿನ ಸಂಸ್ಥೆಗೆ ಸೇರಿದವು, ಆದರೆ ದಾಖಲೆಗಳು ಅವುಗಳ ಜೊತೆಯಲ್ಲೇ ಪ್ರಯಾಣ ಮಾಡಲಿಲ್ಲ. ಹೀಗಾಗಿ ಒಂದು ಕಟ್ಟಡ ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಲ್ಲೂ ಇರುತ್ತದೆ, ತಾಲ್ಲೂಕು ಪಂಚಾಯಿತಿಯ ವಹಿಯಲ್ಲೂ ಇರುತ್ತದೆ, ಕೆಲವೊಮ್ಮೆ ಎರಡರಲ್ಲೂ ಇರುವುದಿಲ್ಲ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕೊಠಡಿಗಳನ್ನು ಗ್ರಾಮ ಪಂಚಾಯಿತಿಯ ಬಳಿ ಕೇಳುವುದಂತೂ ವಿಳಾಸ ತಪ್ಪಿದ ಅರ್ಜಿ. ಅದು ಶಿಕ್ಷಣ ಇಲಾಖೆಯ ಮುಂದೆ ಹೋಗಬೇಕಾದ ವಿಷಯ.

ನೆಲದ ಪ್ರಶ್ನೆ ಇನ್ನೂ ಸೂಕ್ಷ್ಮ. ಪಹಣಿಯ 9ನೇ ಕಾಲಂನಲ್ಲಿ ‘ಸರ್ಕಾರಿ’ ಎಂದಿದ್ದು 11ನೇ ಕಾಲಂನಲ್ಲಿ ‘ಗೋಮಾಳ’ ಎಂಬ ನಮೂದು ಇದ್ದರೆ ಆ ಜಾಗವನ್ನು ಸಂಘಕ್ಕೆ ಗುತ್ತಿಗೆ ಕೊಡುವ ಅಧಿಕಾರ ಪಂಚಾಯಿತಿಗೆ ಇಲ್ಲ. ನೂರು ಜಾನುವಾರುಗಳಿಗೆ 12 ಹೆಕ್ಟೇರ್‌ನಂತೆ ಗೋಮಾಳ ಉಳಿಸಬೇಕು ಎಂದು ಭೂಕಂದಾಯ ನಿಯಮಗಳು ಹೇಳುತ್ತವೆ. ಅದನ್ನು ಬೇರೆ ಉದ್ದೇಶಕ್ಕೆ ಕಾಯ್ದಿರಿಸುವ ಕೆಲಸ ಜಿಲ್ಲಾಧಿಕಾರಿಗಳದ್ದು. 2011ರ ಜನವರಿ 28ರಂದು ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ, ಊರಿನ ಸಾಮೂಹಿಕ ಭೂಮಿಯನ್ನು ಖಾಸಗಿ ಕೈಗೆ ಒಪ್ಪಿಸಿದ ಯಾವ ಆದೇಶವೂ ಸುಲಭವಾಗಿ ಉಳಿಯುವುದಿಲ್ಲ. ಈಗಾಗಲೇ ಶಾಲೆ, ಔಷಧಾಲಯ ಅಥವಾ ಸಾರ್ವಜನಿಕ ಉಪಯೋಗದ ವ್ಯವಸ್ಥೆ ಇರುವ ಕಡೆ ಆ ತೀರ್ಪು ಸ್ವಲ್ಪ ಅವಕಾಶ ಕೊಟ್ಟಿದೆ ಎಂಬುದನ್ನು ಸಂಘಗಳು ಗಮನದಲ್ಲಿಟ್ಟುಕೊಳ್ಳಬೇಕು, ಆದರೆ ಅದನ್ನೇ ನಂಬಿ ಹೊಸದಾಗಿ ಪಾಯ ತೆಗೆಯಬಾರದು.

ಮಲೆನಾಡಿನಲ್ಲಿ ಗೋಮಾಳಕ್ಕಿಂತ ಹೆಚ್ಚು ಕಾಡುವುದು ಅರಣ್ಯದ ನಮೂದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ, ಅದರಲ್ಲೂ ಶರಾವತಿ ಮುಳುಗಡೆ ಸಂತ್ರಸ್ತರು ಬಂದು ನೆಲೆಸಿದ ಊರುಗಳಲ್ಲಿ, ಮನೆ, ದೇವಸ್ಥಾನ, ಅಂಗನವಾಡಿ ಎಲ್ಲವೂ ದಶಕಗಳಿಂದ ಇದ್ದರೂ ಕಾಗದದಲ್ಲಿ ಆ ಜಾಗ ಕಾಡಾಗಿಯೇ ಉಳಿದಿರುವುದುಂಟು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ನೀಡಿದ ಆದೇಶದಂತೆ, ಯಾರ ಮಾಲೀಕತ್ವದಲ್ಲಿದ್ದರೂ ದಾಖಲೆಯಲ್ಲಿ ಅರಣ್ಯವೆಂದಿರುವ ಭೂಮಿಗೆ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ. ಅಂಥ ಕಡೆ ಪಂಚಾಯಿತಿ ಠರಾವಿಗೆ ಬೆಲೆ ಇಲ್ಲ. ಆದರೆ ಒಂದು ದಾರಿ ಇದೆ, ಅದನ್ನು ಬಳಸುವವರು ಕಡಿಮೆ. 2006ರ ಅರಣ್ಯ ಹಕ್ಕು ಕಾಯಿದೆಯ 3(2)ನೇ ಕಲಂ ಹದಿಮೂರು ಬಗೆಯ ಸಾರ್ವಜನಿಕ ಸೌಲಭ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಗ್ರಾಮ ಸಭೆಯ ಶಿಫಾರಸಿನ ಮೇಲೆ ನೀಡಲು ಅವಕಾಶ ಕೊಟ್ಟಿದೆ. ಆ ಪಟ್ಟಿಯ ಕೊನೆಯಲ್ಲಿರುವುದೇ ಸಮುದಾಯ ಕೇಂದ್ರ. ಇದು ಸರ್ಕಾರ ನಿರ್ವಹಿಸುವ ಸೌಲಭ್ಯಗಳಿಗಾಗಿ ಇರುವ ಅವಕಾಶವಾದ್ದರಿಂದ ಅರ್ಜಿ ಸಂಘದ ಹೆಸರಿನಲ್ಲಿ ಹೋಗುವಂತಿಲ್ಲ. ಮೊದಲು ಸ್ಥಳೀಯ ಸಂಸ್ಥೆಯ ಮೂಲಕ ಭೂಮಿಯ ಬಳಕೆಯನ್ನು ಸಕ್ರಮಗೊಳಿಸಿಕೊಂಡು, ಆನಂತರ ನಿರ್ವಹಣೆಯ ಮಾತನ್ನು ಆಡಬೇಕು.

ಭೂಮಿ ಮತ್ತು ಕಟ್ಟಡ ಎರಡೂ ಸ್ಥಳೀಯ ಸಂಸ್ಥೆಯದ್ದೇ ಎಂದು ಖಚಿತವಾದ ಮೇಲೆ, ಯಾವ ರೂಪದಲ್ಲಿ ಕೊಡಬೇಕು ಎಂಬ ಪ್ರಶ್ನೆ ಬರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಸಾಮಾನ್ಯ ಸಭೆಯ ನಡಾವಳಿಯಲ್ಲಿ ‘ಸದರಿ ಕಟ್ಟಡವನ್ನು ಸಂಘದವರು ಬಳಸಿಕೊಳ್ಳಲು ಅನುಮತಿಸಲಾಗಿದೆ’ ಎಂದು ಒಂದು ಸಾಲು ಬರೆಯುತ್ತಾರೆ, ಅಧ್ಯಕ್ಷರು ಬೀಗದ ಕೈ ಕೊಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಇದು ಗುತ್ತಿಗೆಯಲ್ಲ. 1882ರ ಅನುಭೋಗ ಹಕ್ಕುಗಳ ಕಾಯಿದೆಯ 52ನೇ ಕಲಮಿನಲ್ಲಿ ಹೇಳಿರುವ ಬರೀ ಅನುಮತಿ, ಅಂದರೆ ಲೈಸೆನ್ಸ್. ಕೊಟ್ಟವರು ಬೇಡವೆಂದ ದಿನ ಅದು ಮುಗಿಯುತ್ತದೆ. ಆದರೆ ಅದೇ ಕಾಯಿದೆಯ 60ನೇ ಕಲಂ ಒಂದು ವಿನಾಯಿತಿ ಇಟ್ಟಿದೆ: ಅನುಮತಿಯನ್ನು ನಂಬಿ ಖರ್ಚು ಮಾಡಿ ಶಾಶ್ವತ ಸ್ವರೂಪದ ಕೆಲಸ ಮಾಡಿದ್ದರೆ ಅನುಮತಿಯನ್ನು ಹಿಂಪಡೆಯುವಂತಿಲ್ಲ. ಶಾಲೆಯೊಂದಕ್ಕೆ ಬಿಟ್ಟುಕೊಟ್ಟಿದ್ದ ಜಾಗದಲ್ಲಿ ಶಾಲೆಯವರು ಕೊಠಡಿಗಳನ್ನು ಕಟ್ಟಿಕೊಂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲಿ ಈ ಕಲಮಿನ ಆಧಾರದ ಮೇಲೆಯೇ ಶಾಲೆಯ ಪರವಾಗಿ ತೀರ್ಪು ನೀಡಿತು, ಜೊತೆಗೆ ಉಭಯ ಪಕ್ಷಗಳು ಬೇರೆ ರೀತಿ ಒಪ್ಪಿಕೊಂಡಿದ್ದರೆ ಆ ಒಪ್ಪಂದವೇ ನಡೆಯುತ್ತದೆ ಎಂದೂ ಹೇಳಿತು.

ಇದರ ಪರಿಣಾಮವನ್ನು ನೋಡಿ. ಸಂಘ ಒಂದು ರಂಗವೇದಿಕೆ, ಎರಡು ಶೌಚಾಲಯ ಕಟ್ಟಿಸಿಕೊಂಡಿದೆ. ಪಂಚಾಯಿತಿಯ ಐದು ವರ್ಷದ ಅವಧಿ ಮುಗಿದು ಹೊಸಬರು ಆಯ್ಕೆಯಾಗಿ, ಕಟ್ಟಡ ಬಿಡಿ ಎಂದು ನೋಟಿಸು ಕೊಡುತ್ತಾರೆ. ಪಂಚಾಯಿತಿಯವರು ನಮ್ಮದು ಬರೀ ಅನುಮತಿ ಎನ್ನುತ್ತಾರೆ, ಸಂಘದವರು ನಾವು ಲಕ್ಷಾಂತರ ರೂಪಾಯಿ ಹಾಕಿದ್ದೇವೆ ಎನ್ನುತ್ತಾರೆ, ಇಬ್ಬರ ಮಾತಿಗೂ ಕಾಯಿದೆಯಲ್ಲಿ ಆಧಾರವಿದೆ, ಮೊಕದ್ದಮೆ ಮುಗಿಯುವವರೆಗೆ ಕಟ್ಟಡಕ್ಕೆ ಬೀಗ ಬಿದ್ದಿರುತ್ತದೆ. ಒಳ್ಳೆಯ ಮನಸ್ಸಿನಿಂದ ಬರೆದ ಆ ಒಂದು ಸಾಲು ಇಬ್ಬರನ್ನೂ ಕಾಪಾಡಲಿಲ್ಲ.

ಹನ್ನೊಂದು ತಿಂಗಳ ಕರಾರು ಕೂಡ ಇದಕ್ಕೆ ಮದ್ದಲ್ಲ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕು ಎಂಬ ನಿಯಮದಿಂದ ತಪ್ಪಿಸಿಕೊಳ್ಳಲು ಹುಟ್ಟಿಕೊಂಡ ಈ ಪದ್ಧತಿ ಬಾಡಿಗೆ ಮನೆಗೆ ಸರಿ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದ ಕಟ್ಟಡಕ್ಕೆ ಯಾವ ಶಾಸಕರ ನಿಧಿಯೂ, ಯಾವ ದಾನಿಯೂ, ಯಾವ ಬ್ಯಾಂಕೂ ಹಣ ಕೊಡುವುದಿಲ್ಲ. ನೋಂದಣಿಯಾಗದ ದೀರ್ಘಾವಧಿ ಪತ್ರವನ್ನು ಗುತ್ತಿಗೆಯ ಸಾಕ್ಷ್ಯವಾಗಿ ನ್ಯಾಯಾಲಯ ಸ್ವೀಕರಿಸುವುದಿಲ್ಲ. ಮುದ್ರಾಂಕ ಶುಲ್ಕ ಕೊರತೆ ಇದ್ದರೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟಿದ ಮೇಲೆ ಮಾತ್ರ ಅದನ್ನು ನೋಡುತ್ತದೆ. ಆದ್ದರಿಂದ ಹತ್ತು ಅಥವಾ ಹದಿನೈದು ವರ್ಷದ ಗುತ್ತಿಗೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುವುದೇ ಕಡಿಮೆ ಖರ್ಚಿನ ದಾರಿ.

ಅದಕ್ಕೆ ಪೂರ್ವಾನುಮತಿ ಬೇಕು. ಪಟ್ಟಣಗಳಿಗೆ ಅನ್ವಯಿಸುವ 1964ರ ಪೌರಸಭೆಗಳ ಕಾಯಿದೆಯ 72ನೇ ಕಲಂ, ಉಚಿತ ಅಥವಾ ನಾಮಮಾತ್ರ ಬಾಡಿಗೆಯ ಮಂಜೂರಾತಿಗೂ ಐದು ವರ್ಷ ಮೀರಿದ ಗುತ್ತಿಗೆಗೂ ಸರ್ಕಾರದ ಪೂರ್ವಾನುಮತಿ ಇರಬೇಕೆಂದು ಹೇಳುತ್ತದೆ. ಶಿವಮೊಗ್ಗ ನಗರಕ್ಕೆ 1976ರ ಮಹಾನಗರ ಪಾಲಿಕೆಗಳ ಕಾಯಿದೆ ಅನ್ವಯಿಸುತ್ತದೆ, ಅಲ್ಲಿಯೂ ಮಾರುಕಟ್ಟೆ ಬೆಲೆಗಿಂತ ಕಡಿಮೆಗೆ ಕೊಡುವುದು ಪಾಲಿಕೆಯ ಇಚ್ಛೆಗೆ ಬಿಟ್ಟ ವಿಷಯವಲ್ಲ. ಗ್ರಾಮ ಪಂಚಾಯಿತಿ ಕೂಡ ಸ್ಥಿರಾಸ್ತಿಯನ್ನು ಮೇಲಿನ ಹಂತದ ಒಪ್ಪಿಗೆಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಅಧಿಕಾರಿಗಳು ಕಡತವನ್ನು ಮುಂದಕ್ಕೆ ಕಳಿಸಲು ಹಿಂಜರಿಯುವುದಕ್ಕೆ ಲೆಕ್ಕಪರಿಶೋಧನೆಯ ಭಯ ಮುಖ್ಯ ಕಾರಣ: ಕಡಿಮೆ ಬಾಡಿಗೆಗೆ ಕೊಟ್ಟಿದ್ದರಿಂದ ಆದ ನಷ್ಟವನ್ನು ಸಹಿ ಮಾಡಿದವರಿಂದ ವಸೂಲು ಮಾಡಿ ಎಂಬ ಆಕ್ಷೇಪಣೆ ಬಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ನಿವೃತ್ತಿ ಸೌಲಭ್ಯಕ್ಕೇ ತೊಂದರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಲೋಕೋಪಯೋಗಿ ಇಲಾಖೆಯ ದರದಲ್ಲಿ ನ್ಯಾಯವಾದ ಬಾಡಿಗೆ ಎಷ್ಟಾಗುತ್ತದೆ, ಸಂಘ ಮಾಡುವ ದುರಸ್ತಿಯ ಮೌಲ್ಯ ಎಷ್ಟು, ಊರಿಗೆ ಸಿಗುವ ಸೇವೆ ಏನು ಎಂಬುದನ್ನು ಅರ್ಜಿಯಲ್ಲಿಯೇ ಲೆಕ್ಕ ಹಾಕಿ ತೋರಿಸಿದರೆ ಅವರ ಕೈಗೆ ಉತ್ತರ ಸಿಗುತ್ತದೆ.

ಇಂಗ್ಲೆಂಡಿನಲ್ಲಿ ಇದೇ ಭಯಕ್ಕೆ 2003ರ ಸಾಮಾನ್ಯ ಅನುಮತಿಯೊಂದು ಉತ್ತರ ಕೊಟ್ಟಿದೆ. ಸ್ಥಳೀಯರ ಸಾಮಾಜಿಕ, ಆರ್ಥಿಕ ಅಥವಾ ಪರಿಸರದ ಒಳಿತಿಗಾಗಿ, ಪೂರ್ಣ ಬೆಲೆಗಿಂತ 20 ಲಕ್ಷ ಪೌಂಡ್‌ವರೆಗೆ ಕಡಿಮೆಗೆ ಆಸ್ತಿ ಕೊಡಲು ಅಲ್ಲಿನ ಕೌನ್ಸಿಲ್‌ಗಳು ಪ್ರತಿ ಬಾರಿಯೂ ಮಂತ್ರಿಯ ಒಪ್ಪಿಗೆ ಕೇಳಬೇಕಾಗಿಲ್ಲ. ಸ್ಕಾಟ್ಲೆಂಡ್ ಇನ್ನೂ ಮುಂದೆ ಹೋಗಿ, 2015ರ ಕಾಯಿದೆಯ ಮೂಲಕ ಕೇಳುವ ಹಕ್ಕನ್ನೇ ಸಮುದಾಯ ಸಂಸ್ಥೆಗಳಿಗೆ ಕೊಟ್ಟಿತು. 2017ರ ಜನವರಿಯಿಂದ ಅಲ್ಲಿ ಅರ್ಜಿ ಕ್ರಮಬದ್ಧವಾದ ಆರು ತಿಂಗಳೊಳಗೆ ತೀರ್ಮಾನ ತಿಳಿಸಬೇಕು, ನಿರಾಕರಿಸಿದರೆ ಕಾರಣ ಕೊಡಬೇಕು. ನಮ್ಮಲ್ಲಿ ಅಂಥ ಹಕ್ಕಾಗಲಿ ಗಡುವಾಗಲಿ ಇಲ್ಲ. ಇರುವುದು ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಲೇಬೇಕಾದ ಗ್ರಾಮ ಸಭೆ. ಅಲ್ಲಿ ವಿಷಯ ಮಂಡನೆಯಾಗಿ, ಚರ್ಚೆಯ ವಿವರದೊಂದಿಗೆ ನಡಾವಳಿಯಲ್ಲಿ ದಾಖಲಾದ ಕೋರಿಕೆಯನ್ನು ಬದಿಗಿಡುವುದು ಯಾವ ಕಚೇರಿಗೂ ಸುಲಭವಲ್ಲ.

ಗ್ರಾಮ ಸಭೆಯಲ್ಲಿ ಖಂಡಿತ ಕೇಳಿಬರುವ ಪ್ರಶ್ನೆ, ಸಂಘ ಯಾರದ್ದು ಎಂಬುದು. ಒಂದೇ ಜಾತಿಯವರ ಸಂಘ, ಒಂದೇ ಕೇರಿಯವರ ಸಂಘ, ಪಂಚಾಯಿತಿ ಸದಸ್ಯರೊಬ್ಬರೇ ಅಧ್ಯಕ್ಷರಾಗಿರುವ ಸಂಘ, ಇವೆಲ್ಲ ನಮ್ಮ ಊರುಗಳ ವಾಸ್ತವ. ಸರ್ಕಾರದ ಹಣದಿಂದ ನಡೆಯುವ ಸಾರ್ವಜನಿಕ ಸ್ಥಳದ ಬಳಕೆಯಲ್ಲಿ ಯಾರನ್ನೂ ಜಾತಿ, ಧರ್ಮ, ಲಿಂಗದ ಕಾರಣಕ್ಕೆ ತಡೆಯುವಂತಿಲ್ಲ ಎಂದು ಸಂವಿಧಾನದ 15(2)ನೇ ವಿಧಿ ಹೇಳುತ್ತದೆ; ಕಟ್ಟಡವನ್ನು ಗುತ್ತಿಗೆ ಕೊಟ್ಟ ಮಾತ್ರಕ್ಕೆ ಆ ಹೊಣೆ ಕಳಚುವುದಿಲ್ಲ ಎಂದೇ ನಾನು ಭಾವಿಸುತ್ತೇನೆ, ಮತ್ತು ಅದನ್ನು ಕರಾರಿನ ಷರತ್ತಾಗಿಯೇ ಬರೆಯಿಸುತ್ತೇನೆ. ಮದುವೆಗೂ ತಿಥಿಗೂ ಭವನ ಎಲ್ಲರಿಗೂ ಒಂದೇ ದರದಲ್ಲಿ ಸಿಗಬೇಕು, ದರಪಟ್ಟಿ ಗೋಡೆಯ ಮೇಲಿರಬೇಕು. ಸಂಘದಲ್ಲಿ ಹಿತಾಸಕ್ತಿ ಇರುವ ಸದಸ್ಯರು ಆ ವಿಷಯದ ಚರ್ಚೆಯ ಹೊತ್ತಿಗೆ ಸಭೆಯಿಂದ ಹೊರಗಿದ್ದರೆಂಬುದು ನಡಾವಳಿಯಲ್ಲಿ ಕಾಣಬೇಕು. ಸಂಘ ನೋಂದಾಯಿತವಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ. ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿ ಆಗುತ್ತದೆ. ಆದರೆ ವರ್ಷ ವರ್ಷ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸದೆ ನಿಂತುಹೋದ ಸಂಘಗಳೇ ಹೆಚ್ಚು, ಹಾಗಾಗಿ ನೋಂದಣಿ ಪತ್ರದ ಜೊತೆ ಕೊನೆಯ ಮೂರು ವರ್ಷದ ಸಲ್ಲಿಕೆಯನ್ನೂ ಪಂಚಾಯಿತಿ ಕೇಳಬೇಕು.

ಇನ್ನು ಮಳೆ. ಬಯಲುಸೀಮೆಯ ಕರಾರಿನ ಮಾದರಿಯನ್ನು ತಂದು ಇಲ್ಲಿ ಹೆಸರು ಬದಲಿಸಿ ಸಹಿ ಹಾಕುವವರು ಮರೆಯುವುದು ಇದನ್ನೇ. ಆಗುಂಬೆ, ಹುಲಿಕಲ್ ಕಡೆಯ ಮಳೆಯಲ್ಲಿ ಕಟ್ಟಡವೊಂದು ಆರೈಕೆಯಿಲ್ಲದೆ ಎರಡು ಮಳೆಗಾಲ ಕಳೆದರೆ ಮೂರನೆಯದಕ್ಕೆ ಅದರ ಭರವಸೆ ಇರುವುದಿಲ್ಲ. ಹೆಂಚಿನ ಮಾಡಾದರೆ ಪ್ರತಿ ಬೇಸಿಗೆಯಲ್ಲಿ ಹೆಂಚು ಕೈಯಾಡಿಸಬೇಕು, ರೀಪು ಬದಲಿಸಬೇಕು. ತಾರಸಿಯಾದರೆ ಬಿರುಕು ಮುಚ್ಚಿಸಬೇಕು, ಇಲ್ಲವೇ ಈಗ ಎಲ್ಲೆಡೆ ಮಾಡುವಂತೆ ಮೇಲೊಂದು ತಗಡಿನ ಮಾಡು ಹಾಕಿಸಬೇಕು. ‘ದುರಸ್ತಿಯ ಹೊಣೆ ಗುತ್ತಿಗೆದಾರರದ್ದು’ ಎಂಬ ಒಂದೇ ವಾಕ್ಯ ಬರೆದರೆ ಮಹಿಳಾ ಮಂಡಲವೊಂದು ತಾನು ಹಾಳುಮಾಡದ ಛಾವಣಿಯನ್ನು ತನ್ನ ಉಳಿತಾಯದಿಂದ ಕಟ್ಟಿಸಿಕೊಡಬೇಕಾಗುತ್ತದೆ. ನಾನು ಕೊಡುವ ಕರಡಿನಲ್ಲಿ ವಾರ್ಷಿಕ ಆರೈಕೆ ಸಂಘದ್ದು. ಗೋಡೆ, ಪಾಯ, ತೊಲೆ, ಛಾವಣಿಯ ಮೂಲ ರಚನೆ ಪಂಚಾಯಿತಿಯದ್ದು. ಪಂಚಾಯಿತಿಯ ಭಾಗವನ್ನು ಸಂಘವೇ ಮಾಡಿಸಿದರೆ ಆ ಮೊತ್ತ ಬಾಡಿಗೆಯಲ್ಲಿ ವಜಾ ಆಗುತ್ತದೆ. ಹಸ್ತಾಂತರಕ್ಕೆ ಮೊದಲಿನ ಜಂಟಿ ತಪಾಸಣೆಯನ್ನು ಜುಲೈನಲ್ಲಿ ಮಾಡಿ ಎಂದೂ ಹೇಳುತ್ತೇನೆ. ಮಾರ್ಚ್ ತಿಂಗಳಲ್ಲಿ ಸೋರುವ ಕಟ್ಟಡ ಯಾವುದೂ ಇಲ್ಲ. ಎಂಜಿನಿಯರ್ ಸಹಿ ಇರುವ ವರದಿ ಮತ್ತು ಫೋಟೊಗಳು ಕರಾರಿಗೆ ಅನುಬಂಧವಾಗಿ ಸೇರಬೇಕು.

ಅದೇ ದಿನ ಮೆಸ್ಕಾಂ ಮೀಟರಿನ ಬಾಕಿಯನ್ನೂ ನೋಡಿಕೊಳ್ಳಿ. ವರ್ಷಗಳ ಹಳೆಯ ಬಿಲ್ಲು ಹೊಸ ಬಳಕೆದಾರರ ತಲೆಗೆ ಬರುವುದು ಸಾಮಾನ್ಯ.

ಸಂಘ ನಿಂತುಹೋದರೆ ಏನು ಎಂಬುದನ್ನು ಬರೆಯಲು ಎಲ್ಲರಿಗೂ ಸಂಕೋಚ, ಮದುವೆಯ ಮಾತುಕತೆಯಲ್ಲಿ ವಿಚ್ಛೇದನದ ಸುದ್ದಿ ಎತ್ತಿದಂತೆ. ಆದರೂ ಬರೆಯಲೇಬೇಕು. ಸತತ ಆರು ತಿಂಗಳು ಕಟ್ಟಡ ಬಳಕೆಯಾಗದಿದ್ದರೆ, ಅಥವಾ ಎರಡು ವರ್ಷ ಲೆಕ್ಕಪತ್ರ ಸಲ್ಲಿಕೆಯಾಗದಿದ್ದರೆ, ಮೂರು ತಿಂಗಳ ನೋಟಿಸಿನ ನಂತರ ಕಟ್ಟಡ ಪಂಚಾಯಿತಿಗೆ ಮರಳುತ್ತದೆ, ಒಳಗುತ್ತಿಗೆ ಕೊಡುವಂತಿಲ್ಲ, ಅನುಮತಿ ಪಡೆದು ಕಟ್ಟಿದ ಶಾಶ್ವತ ರಚನೆಗೆ ಸವಕಳಿ ಕಳೆದು ಪರಿಹಾರ, ಅನುಮತಿ ಇಲ್ಲದೆ ಕಟ್ಟಿದ್ದಕ್ಕೆ ಏನೂ ಇಲ್ಲ. ಈ ಷರತ್ತುಗಳಿದ್ದರೆ 60ನೇ ಕಲಮಿನ ವಾದಕ್ಕೆ ಜಾಗ ಉಳಿಯುವುದಿಲ್ಲ, 1974ರ ಸಾರ್ವಜನಿಕ ಆವರಣಗಳ ತೆರವು ಕಾಯಿದೆಯನ್ನು ಬಳಸುವ ಪ್ರಸಂಗವೂ ಅಪರೂಪವಾಗುತ್ತದೆ.

ಕಾಗದವಿಲ್ಲದೆ ಈಗಾಗಲೇ ಕಟ್ಟಡದಲ್ಲಿ ಕುಳಿತಿರುವ ಸಂಘಗಳು ಈ ಕೆಲಸವನ್ನು ಚುನಾವಣೆಯ ಹೊಸ್ತಿಲಿಗೆ ಬಿಡಬಾರದು. ಬೀಗದ ಕೈ ಕೊಟ್ಟ ಸದಸ್ಯರು ಇನ್ನೂ ಅಧಿಕಾರದಲ್ಲಿರುವಾಗಲೇ ಗ್ರಾಮ ಸಭೆಯ ಮುಂದೆ ಹೋಗಿ, ಇದುವರೆಗೆ ಮಾಡಿದ ಖರ್ಚಿನ ರಸೀದಿಗಳನ್ನು ಲಗತ್ತಿಸಿ, ಹಿಂದಿನ ಬಳಕೆಯನ್ನು ಒಪ್ಪಿಕೊಂಡು ಮುಂದಿನ ಹತ್ತು ವರ್ಷಕ್ಕೆ ಗುತ್ತಿಗೆ ಕೊಡಲು ಮೇಲಿನ ಹಂತದ ಪೂರ್ವಾನುಮತಿ ಕೋರುವ ಠರಾವನ್ನು ಪಡೆದುಕೊಳ್ಳಬೇಕು. ಅನುಮತಿ ಬಂದು ನೋಂದಣಿಯಾಗುವವರೆಗೆ ಹೊಸ ಗೋಡೆ ಕಟ್ಟುವುದು ಬೇಡ; ಸೋರುವ ಮಾಡಿಗೆ ಟಾರ್ಪಾಲು ಹೊದಿಸಿಕೊಂಡಿರಲು ಯಾರ ಠರಾವೂ ಬೇಕಾಗಿಲ್ಲ.