ಮ್ಯೂಸಿಕ್ ಮ್ಯಾಗಜಿನ್ ಮುಖಪುಟ ಮತ್ತೆ ಪರಿವಿಡಿ: ಎರಡನ್ನೂ ಪಕ್ಕಪಕ್ಕ ಇಟ್ಕಂಡು ಓದೋದು ಹೆಂಗೆ

ದಾವಣಗೆರೆಲಿ ವಿಷುವಲ್ ಆರ್ಟು, ಜರ್ನಲಿಸಮ್ಮು ಓದ್ತಿರೋ ಗೆಳೆಯರಿಗೆ ಅಂತ ಈ ನೋಟ್ಸ್. ಪೇಜ್ ಡಿಸೈನ್ ಹೋಲಿಕೆ ಮಾಡ್ರಿ ಅಂತ ಅಸೈನ್‌ಮೆಂಟ್ ಕೊಟ್ರೆ ಸಾಮಾನ್ಯವಾಗಿ ಎಲ್ಲರೂ ಮಾಡೋದು ಒಂದೇ, ಮುಖಪುಟದ ಪ್ರಿಂಟ್ ಅಂಟಿಸಿ ಬಾಣ ಹಾಕಿ ಇದು ಮಾಸ್ಟ್‌ಹೆಡ್ (ಮುಖಪುಟದ ಮೇಲಿನ ಪತ್ರಿಕೆ ಹೆಸರು), ಇದು ಕವರ್ ಲೈನ್ (ಒಳಗೇನೈತೆ ಅಂತ ಮುಖಪುಟದಲ್ಲಿ ಹೇಳೋ ಸಾಲು), ಇದು ಬಾರ್‌ಕೋಡ್ ಅಂತ ಬರೆಯೋದು, ಪರಿವಿಡಿ ಪುಟಕ್ಕೂ ಹಂಗೇ ಬಾಣ. ಅದರಲ್ಲಿ ಹೋಲಿಕೆ ಎಲ್ಲೈತೆ ಹೇಳ್ರಿ, ಬರೀ ಹೆಸರು ಹೇಳಿದಂಗಾಯ್ತು. ನಾನು ಹೇಳೋದು ಇಷ್ಟೇ: ಮುಖಪುಟ ಮಾತಾಡೋದು ಇನ್ನೂ ದುಡ್ಡು ಕೊಡದೆ ಅಂಗಡಿ ಮುಂದೆ ನಿಂತೋನ ಜೊತೆ, ಪರಿವಿಡಿ ಮಾತಾಡೋದು ದುಡ್ಡು ಕೊಟ್ಟು ಮನೇಲಿ ಕೂತೋನ ಜೊತೆ. ಹೊರಗೆ ಕೊಟ್ಟ ಮಾತನ್ನ ಒಳಗೆ ಎಷ್ಟು ಬೇಗ, ಯಾವ ದನಿಯಲ್ಲಿ ಉಳಿಸ್ಕೊಂಡಿದಾರೆ ಅನ್ನೋದನ್ನ ಹುಡುಕ್ರಿ, ಆಗ ಬಣ್ಣ ಫಾಂಟು ಕಾಲಂ ಎಲ್ಲಾ ತಾನಾಗೇ ಅರ್ಥ ಆಗ್ತಾ ಹೋಗ್ತವೆ.

ಮೊದಲು ಹೆಸರು ಎಲ್ಲಿ ಕೂತೈತೆ ನೋಡ್ರಿ. ಬ್ರಿಟನ್ನಿನ ಕ್ಯೂ ಮ್ಯಾಗಜಿನ್ 1986ರಲ್ಲಿ ಶುರುವಾಗಿ 2020ರಲ್ಲಿ ನಿಂತು ಹೋಯ್ತು, ಅದರ ಗುರುತು ಅಂದ್ರೆ ಎಡಗಡೆ ಮೇಲಿನ ಮೂಲೇಲಿ ಕೆಂಪು ಚೌಕ, ಅದರೊಳಗೆ ಬಿಳಿ ಅಕ್ಷರ ಒಂದೇ ಒಂದು. ಆ ಮೂಲೆನೇ ಯಾಕೆ ಅಂದ್ರೆ ಅಲ್ಲಿನ ಅಂಗಡಿ ರ‍್ಯಾಕಲ್ಲಿ ಮ್ಯಾಗಜಿನ್‌ಗಳನ್ನ ಒಂದರ ಮೇಲೊಂದು ಸರಿಸಿ ಇಡೋದ್ರಿಂದ ಎಷ್ಟೋ ಸಲ ಎಡಗಡೆ ಮೂರನೇ ಒಂದು ಭಾಗ ಮಾತ್ರ ಕಣ್ಣಿಗೆ ಬೀಳೋದು. ನಮ್ಮ ಬಸ್ ಸ್ಟ್ಯಾಂಡ್ ಅಂಗಡೀಲಿ ಮೆಟ್ಟಿಲ ಥರ ಜೋಡಿಸಿಟ್ಟಾಗ ಕಾಣೋದು ಮೇಲಿನ ಪಟ್ಟಿ, ಅಂಥ ಕಡೆ ಹೆಸರು ಈ ತುದಿಯಿಂದ ಆ ತುದಿಗೆ ಅಗಲವಾಗಿ ಇದ್ರೆನೇ ಲಾಭ. ಡಿಸೈನ್ ಚೆಂದಕ್ಕೆ ಅಷ್ಟೇ ಅಲ್ಲ, ಮಾರಾಟದ ಜಾಗ ಹೆಂಗೈತೆ ಅನ್ನೋದೂ ಅದನ್ನ ತಿದ್ದುತ್ತೆ, ಈ ಸಾಲು ನಿಮ್ಮ ಉತ್ತರದಲ್ಲಿ ಇದ್ರೆ ಬಾಣ ಹಾಕಿದೋರಿಗಿಂತ ಮುಂದೆ ಹೋದಂಗೆ.

ಈಗ ಕೆರಾಂಗ್ ತಗೊಳ್ರಿ. 1981ರಲ್ಲಿ ಸೌಂಡ್ಸ್ ಅನ್ನೋ ಪತ್ರಿಕೆಯ ಪುರವಣಿಯಾಗಿ ಹುಟ್ಟಿದ ಹೆವಿ ಮೆಟಲ್ ಮ್ಯಾಗಜಿನ್, ಹೆಸರೇ ಎಲೆಕ್ಟ್ರಿಕ್ ಗಿಟಾರ್ ಜೋರಾಗಿ ಮೀಟಿದ ಸದ್ದು. ಲೋಗೋ ಗಾಜು ಒಡೆದಂಗೆ ಬಿರುಕು ಬಿಟ್ಟಿರುತ್ತೆ. ಅದು ವಾರಪತ್ರಿಕೆಯಾಗಿದ್ದಾಗ ಮುಖಪುಟದ ತುಂಬ ಗದ್ದಲ, ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಸಣ್ಣ ಸಣ್ಣ ಫೋಟೋ, ಒಳಗೆ ಪೋಸ್ಟರ್ ಐತೆ ಅಂತ ಕೂಗು, ಒಂದು ಇಂಚೂ ಖಾಲಿ ಬಿಡ್ತಿರಲಿಲ್ಲ. ನಮ್ಮೂರಿನ ಕಂಪನಿ ನಾಟಕಗಳ ವಾಲ್‌ಪೋಸ್ಟರ್ ನೆನಪು ಮಾಡ್ಕೊಳ್ರಿ, ನಾಟಕದ ಹೆಸರು, ನಟಿ ಹೆಸರು, ಹಾಸ್ಯ ಕಲಾವಿದರ ಹೆಸರು, ದಿನಾ ಎಷ್ಟು ಆಟ, ಎಲ್ಲಾ ಒಂದೇ ಹಾಳೇಲಿ ಬೇರೆ ಬೇರೆ ಗಾತ್ರದಾಗೆ ಕೂಗ್ತಿರ್ತವೆ, ಆದ್ರೂ ಯಾವುದು ಮೊದಲು ಓದಬೇಕು ಅನ್ನೋದು ನಮಗೆ ಗೊಂದಲ ಆಗಲ್ಲ, ಯಾಕಂದ್ರೆ ಗಾತ್ರದಲ್ಲಿ ಸ್ಪಷ್ಟ ಏಣಿ ಇರುತ್ತೆ. ಕೆರಾಂಗ್ ಒಳ್ಳೆ ಸಂಚಿಕೆಗಳಲ್ಲೂ ಹಿಂಗೇ, ಗದ್ದಲ ಐತೆ, ಗಲಿಬಿಲಿ ಇಲ್ಲ.

ಪರಿವಿಡಿಗೆ ಬಂದ್ರೆ ಕೆರಾಂಗ್ ಆ ಗದ್ದಲನ ಪೂರ್ತಿ ಬಿಡ್ತಿರಲಿಲ್ಲ. 2010ರ ಆಸುಪಾಸಿನ ಸಂಚಿಕೆಗಳಲ್ಲಿ ಕಪ್ಪು ಹಳದಿ ಪಟ್ಟಿಗಳ ಕೆಳಗೆ ವಿಭಾಗಗಳು, ಫೋಟೋ ಮೇಲೇ ದಪ್ಪ ಪುಟಸಂಖ್ಯೆ, ಜೊತೆಗೆ ಸಂಪಾದಕರ ಪುಟ್ಟ ಪತ್ರ. ಹೊರಗಿನ ಬಣ್ಣ ಒಳಗೂ ಮುಂದುವರಿದಿರೋದ್ರಿಂದ ಹುಡುಗರಿಗೆ ಇದು ನಮ್ಮ ಜಾಗ ಅನ್ನಿಸ್ತೈತೆ. ಕ್ಯೂ ಹಂಗಲ್ಲ, ಮುಖಪುಟದ ಕೆಂಪನ್ನ ಒಳಗೆ ಒಂದು ಪಟ್ಟಿಯಷ್ಟೇ ಉಳಿಸ್ಕೊಂಡು, ದೊಡ್ಡ ಲೇಖನಗಳು ಒಂದು ಕಡೆ, ಪ್ರತಿ ತಿಂಗಳ ಅಂಕಣಗಳು ಇನ್ನೊಂದು ಕಡೆ, ವಿಮರ್ಶೆಗಳು ಬೇರೆ, ಹಿಂಗೆ ನೆಟ್ಟಗೆ ಕಾಲಂ ಮಾಡಿ ಕೊಡೋದು. ಓದುಗ ಸ್ವಲ್ಪ ವಯಸ್ಸಾದೋನು, ಆಲ್ಬಮ್ ವಿಮರ್ಶೆ ಹುಡುಕ್ಕೊಂಡು ಬರೋನು ಅನ್ನೋ ಲೆಕ್ಕ ಅದು.

ನನಗೆ ಭಾಳ ಇಷ್ಟ ಆಗಿದ್ದು ಎನ್‌ಎಮ್‌ಇ ಪರಿವಿಡಿ. ಎನ್‌ಎಮ್‌ಇ ಅಂದ್ರೆ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್, 1952ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ವಾರಪತ್ರಿಕೆ. ಅದರ ಪರಿವಿಡಿ ಪುಟದ ಒಂದು ಪಕ್ಕ ಉದ್ದಕ್ಕೆ ಬ್ಯಾಂಡ್‌ಗಳ ಹೆಸರಿನ ಸೂಚಿ ಇರ್ತಿತ್ತು, ಅಕಾರಾದಿಯಾಗಿ, ಎದುರಿಗೆ ಪುಟಸಂಖ್ಯೆ. ಲೇಖನದ ಹೆಸರು ಗೊತ್ತಿರೋದು ಬ್ಯಾಡ, ನಿಮ್ಮ ಪ್ರೀತಿಯ ಬ್ಯಾಂಡಿನ ಹೆಸರು ಗೊತ್ತಿದ್ರೆ ಸಾಕು, ಸೀದಾ ಆ ಪುಟಕ್ಕೆ ಹೋಗಬಹುದು. ಸಂಗೀತ ಪ್ರೇಮಿ ಹುಡುಕೋದು ಲೇಖನನ ಅಲ್ಲ, ಹಾಡೋರನ್ನ ಅಂತ ಯಾರೋ ಚೆನ್ನಾಗಿ ಅರ್ಥ ಮಾಡ್ಕೊಂಡು ಮಾಡಿದ ಡಿಸೈನ್ ಇದು, ಬರೀ ಅಕ್ಷರ, ಒಂದು ಚಿತ್ರನೂ ಬೇಕಿಲ್ಲ.

ಕವರ್ ಲೈನೇ ಇಲ್ಲದ ಮುಖಪುಟನೂ ಐತೆ. ರೋಲಿಂಗ್ ಸ್ಟೋನ್ ಅನ್ನೋ ಅಮೆರಿಕದ ಪತ್ರಿಕೆ, 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು, ಮೊದಲ ಸಂಚಿಕೆ ಮುಖಪುಟದಲ್ಲಿ ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್. ಅದೇ ಲೆನನ್ 1980ರ ಡಿಸೆಂಬರ್ 8ರಂದು ಕೊಲೆಯಾದಾಗ, ಅದಕ್ಕೆ ಕೆಲವೇ ಗಂಟೆ ಮುಂಚೆ ಆ್ಯನಿ ಲೀಬೊವಿಟ್ಜ್ ತೆಗೆದಿದ್ದ ಲೆನನ್ ಮತ್ತು ಅವನ ಹೆಂಡತಿ ಯೊಕೊ ಓನೊ ಫೋಟೋನ 1981ರ ಜನವರಿ 22ರ ಸಂಚಿಕೆಗೆ ಹಾಕಿದ್ರು, ಪತ್ರಿಕೆ ಹೆಸರು ಬಿಟ್ರೆ ತಲೆಬರಹ ಒಂದೂ ಇಲ್ಲ. ಸುದ್ದಿ ಊರಿಗೆಲ್ಲಾ ಗೊತ್ತಿತ್ತು, ಮುಖಪುಟ ಮತ್ತೆ ಹೇಳೋ ಅಗತ್ಯ ಇರಲಿಲ್ಲ. ಇದನ್ನ ನೋಡಿ ನಾವೂ ಮಿನಿಮಲ್ ಮಾಡೋಣ ಅಂತ ಹೊರಡೋರಿಗೆ ಒಂದು ಮಾತು, ಹೊಸ ಪತ್ರಿಕೆಗೆ ಆ ಮೌನ ದಕ್ಕಲ್ಲ, ಯಾಕಂದ್ರೆ ಓದುಗನಿಗೆ ಮೊದಲೇ ಏನೂ ಗೊತ್ತಿರಲ್ಲ. ಚೆನ್ನೈಯಿಂದ 1983ರಿಂದ ಬರ್ತಿರೋ ಶ್ರುತಿ, ಹಾಥರಸ್‌ನಿಂದ 1935ರಲ್ಲೇ ಶುರುವಾದ ಹಿಂದಿಯ ಸಂಗೀತ್, ಇವೆರಡನ್ನೂ ಹೋಲಿಕೆಗೆ ಸೇರಿಸ್ಕೊಳ್ರಿ, ಪಾಪ್ ಪತ್ರಿಕೆಗಳ ಜೊತೆ ಶಾಸ್ತ್ರೀಯ ಪತ್ರಿಕೆ ಇಟ್ರೆ ವ್ಯತ್ಯಾಸ ಎದ್ದು ಕಾಣುತ್ತೆ.

ಈಗ ಕನ್ನಡದಲ್ಲಿ ನಾವೇ ಮಾದರಿ ಪತ್ರಿಕೆ ಮಾಡೋ ವಿಚಾರ, ಇಲ್ಲೇ ಹೆಚ್ಚು ತಲೆ ಓಡಿಸಬೇಕು. ಇಂಗ್ಲಿಷ್ ಪತ್ರಿಕೆಗಳಲ್ಲಿ ಗಾಯಕನ ತಲೆ ಮಾಸ್ಟ್‌ಹೆಡ್ ಮೇಲೆ ಬಂದು ಒಂದೆರಡು ಅಕ್ಷರ ಮುಚ್ಚಿದ್ರೂ ಹೆಸರು ಓದಕ್ಕೆ ಬರುತ್ತೆ. ನಮ್ಮಲ್ಲಿ ಒತ್ತಕ್ಷರ ಕೆಳಗಿರುತ್ತೆ, ತಲೆ ಮೊದಲು ಮುಚ್ಚೋದೇ ಕೆಳಭಾಗ. ನಾದಸ್ವರ ಅಂತ ಹೆಸರಿಟ್ಟು ಫೋಟೋ ಅಡ್ಡ ಬಂದು ಒತ್ತು ಹೋಯ್ತು ಅಂದ್ರೆ ಅದು ಬೇರೇನೋ ಆಗುತ್ತೆ. ರಂಗಗೀತೆ ಅಂತಿಟ್ರೆ ಒತ್ತಿಲ್ಲ, ಕೆಳಗಡೆ ಸ್ವಲ್ಪ ಮುಚ್ಚಿದ್ರೂ ಮೇಲಿನ ಗುಡಿಸು, ಏತ್ವ ಉಳಿಯೋದ್ರಿಂದ ಓದಬಹುದು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಇದ್ದ ಊರು ನಮ್ಮದು, ರಂಗಗೀತೆಗೊಂದು ಮಾದರಿ ಪತ್ರಿಕೆ ಮಾಡಕ್ಕೆ ದಾವಣಗೆರೆಗಿಂತ ಒಳ್ಳೆ ಜಾಗ ಬೇಕಾ? ಮುಖಪುಟಕ್ಕೆ ಹಾರ್ಮೋನಿಯಂ ಮೇಲಿನ ಕೈ ಹತ್ತಿರದಿಂದ ತೆಗೆದ್ರೂ ಸಾಕು.

ಇನ್ನೊಂದು, ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅಂತ ಇಲ್ಲ. ಅವರು ವಿಭಾಗದ ಹೆಸರನ್ನ ಪೂರ್ತಿ ಕ್ಯಾಪಿಟಲ್ ಮಾಡಿದ್ರೆ ಬೇರೆ ಆಗಿಬಿಡುತ್ತೆ, ನಾವು ಅದನ್ನ ದಪ್ಪ, ಗಾತ್ರ, ಬಣ್ಣದಲ್ಲೇ ಸಾಧಿಸಬೇಕು. ಹಂಗಾಗಿ ಪರಿವಿಡಿಗೆ ಒಂದೇ ಫಾಂಟಿನ ತೆಳು ಮತ್ತು ದಪ್ಪ ಎರಡೂ ಇರೋದನ್ನೇ ಆರಿಸ್ಕೊಳ್ರಿ. ಸಾಲಿನ ಅಂತರನೂ ಜಾಸ್ತಿ ಬೇಕು, ಇಂಗ್ಲಿಷಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಅಂತರ ಸಾಕಾದ್ರೆ ನಮಗೆ 15, 16 ಬೇಕಾಗುತ್ತೆ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಅಂದ್ರೆ ಎನ್‌ಎಮ್‌ಇ ಥರದ ಉದ್ದ ಸೂಚಿ ಒಂದು ಕಾಲಂನಲ್ಲಿ ಹಿಡಿಯಲ್ಲ, ಎರಡು ಕಾಲಂ ಮಾಡ್ರಿ, ಇಲ್ಲಾ ಕಲಾವಿದರ ಹೆಸರು ಕಮ್ಮಿ ಮಾಡ್ರಿ.

ಕೊನೆಗೆ ಪರೀಕ್ಷೆ ಮಾಡೋ ರೀತಿ: ಮುಖಪುಟದ ಒಂದೊಂದು ಕವರ್ ಲೈನ್ ಮೇಲೂ ಬೆರಳಿಟ್ಟು ಪರಿವಿಡಿಯಲ್ಲಿ ಅದು ಎಲ್ಲೈತೆ ಅಂತ ಗೆಳೆಯರ ಕೈಲಿ ಹುಡುಕಿಸ್ರಿ, ನೀವು ಬಾಯಿ ಬಿಡಬ್ಯಾಡ್ರಿ. ಹೊರಗೆ ಒಂದು ಹೆಸರು ಒಳಗೆ ಇನ್ನೊಂದು ತಲೆಬರಹ ಇದ್ರೆ ಅವರು ಅಲ್ಲೇ ತಡವರಿಸ್ತಾರೆ. ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕ್ಕೊಂಡು, ಒಂದೋ ಕವರ್ ಲೈನಿನ ಪದಗಳನ್ನೇ ಪರಿವಿಡಿಗೂ ತರ್ರಿ, ಇಲ್ಲಾ ಮುಖಪುಟದ ಫೋಟೋದ್ದೇ ಒಂದು ಸಣ್ಣ ತುಂಡು ಆ ಪುಟಸಂಖ್ಯೆ ಪಕ್ಕ ಇಡ್ರಿ.