ಹಾಡದೆ ಕಳೆದ ಆರು ವಾರ

"ಅಷ್ಟು ದಿನ ಹಾಡದೇ ಇದ್ದರೆ ಕಲಿತದ್ದೆಲ್ಲ ಮರೆತುಹೋಗುವುದಿಲ್ಲವೇ ಮೇಡಂ?" ಹಾಡುವ ಮಕ್ಕಳನ್ನು ಧ್ವನಿ ಚಿಕಿತ್ಸೆಗೆ ಕರೆತರುವ ತಾಯಂದಿರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದು. ಕಳೆದ ತಿಂಗಳು ಬಂದ ಹುಡುಗಿಗೆ ಹದಿನೇಳು ವರ್ಷ. ಸಂಗೀತ ಪರೀಕ್ಷೆ ಹತ್ತಿರವಿತ್ತು. ಗಂಟಲು ಕಟ್ಟಿದ್ದರೂ ಸಾಧನೆ ಬಿಡಬೇಡ, ಹಾಡುತ್ತ ಹಾಡುತ್ತ ಶಾರೀರ ತಾನಾಗಿ ಬಿಡುತ್ತದೆ ಎಂದು ಯಾರೋ ಹೇಳಿದ್ದರು. ಆಕೆ ಬೆಳಗಿನ ಐದಕ್ಕೆ ಎದ್ದು ಹಾಡಿದಳು. ನನ್ನ ಮುಂದೆ ಕುಳಿತಾಗ ತಾರ ಷಡ್ಜದ (ಮೇಲಿನ 'ಸ'ದ) ಹತ್ತಿರ ಹೋಗುತ್ತಿದ್ದಂತೆ ಸ್ವರ ಒಡೆದು ಬರೀ ಗಾಳಿ ಬರುತ್ತಿತ್ತು.

ಇಂಥವರಿಗೆ ನಾನು ಜೆನ್ನಿ ಲಿಂಡ್ ಎಂಬ ಸ್ವೀಡನ್ನಿನ ಗಾಯಕಿಯ ಕಥೆ ಹೇಳುತ್ತೇನೆ.

ಲಿಂಡ್ ಹುಟ್ಟಿದ್ದು 1820ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಹತ್ತು ವರ್ಷ ತುಂಬುವ ಹೊತ್ತಿಗೇ ಅಲ್ಲಿನ ರಾಜ ರಂಗಮಂದಿರದ ಶಾಲೆಗೆ ಸೇರಿದಳು. ಹನ್ನೆರಡರ ವಯಸ್ಸಿನಲ್ಲೇ ಒಮ್ಮೆ ದನಿ ಕೈಕೊಟ್ಟಿತ್ತು. 1838ರಲ್ಲಿ ಜರ್ಮನ್ ಸಂಯೋಜಕ ವೇಬರ್ ರಚಿಸಿದ ಒಪೆರಾದಲ್ಲಿ (ಹಾಡುಗಳಿಂದ ನಡೆಯುವ ನಾಟಕದಲ್ಲಿ) ಅಗಾಥೆ ಎಂಬ ನಾಯಕಿಯ ಪಾತ್ರ ಮಾಡಿ ಒಂದೇ ರಾತ್ರಿಯಲ್ಲಿ ಊರಿಗೆಲ್ಲ ಬೇಕಾದವಳಾದಳು. ಆಮೇಲೆ ಬಿಡುವೆಂಬುದಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ದನಿ ಸೋತು, ಒರಟಾಗಿತ್ತು.

ಇದು ಏಕೆ ಹಾಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಹೆಣ್ಣುದನಿಗಳ ಪೈಕಿ ಅತಿ ಎತ್ತರದ್ದು ಸೊಪ್ರಾನೊ; ಲಿಂಡ್‌ಳದೂ ಅದೇ. ಅದರ ಮೇಲಿನ 'ಸಿ' ಸ್ವರ ಹಿಡಿದಾಗ ಧ್ವನಿತಂತುಗಳು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಗಿ ಬಿಡುತ್ತವೆ. ಉಗುರಿನಷ್ಟು ಉದ್ದದ ಎರಡು ಮಡಿಕೆಗಳು ಮಾಡುವ ಕೆಲಸ ಅದು. ಮೈಕ್ ಇಲ್ಲ, ಎದುರಿಗೆ ಇಡೀ ವಾದ್ಯವೃಂದ. ಸರಿಯಾಗಿ ಕಲಿತವಳು ಗಂಟಲಿನ ಬಲದಿಂದ ದನಿ ಮುಟ್ಟಿಸುವುದಿಲ್ಲ. ಸ್ವರ ಏರಿದಂತೆ ದವಡೆ ಇಳಿಸಿ, ಬಾಯಿಯ ಅನುರಣನವನ್ನು ಆ ಸ್ವರಕ್ಕೇ ಹೊಂದಿಸಿಕೊಳ್ಳುತ್ತಾಳೆ. (ಆ ಎತ್ತರದಲ್ಲಿ ಅವರ ಇಕಾರ ಉಕಾರಗಳೆಲ್ಲ ಹೆಚ್ಚುಕಡಿಮೆ ಆಕಾರದಂತೆ ಕೇಳುವುದು ಇದರಿಂದಲೇ. ಉಚ್ಚಾರ ಸರಿಯಿಲ್ಲ ಎಂದು ದೂರುವವರು ಇದನ್ನು ಗಮನಿಸಬೇಕು.) ಈ ಹೊಂದಾಣಿಕೆ ಕಲಿಯದವರು ಕತ್ತಿನ ಸ್ನಾಯು ಬಿಗಿದು ತಳ್ಳುತ್ತಾರೆ. ತಂತುಗಳು ಬಡಿದುಕೊಂಡು ಊದಿಕೊಳ್ಳುತ್ತವೆ. ಊದಿದ್ದರ ಮೇಲೆಯೇ ಮತ್ತೆ ಹಾಡಿದರೆ ಬಡಿತದ ಜಾಗದಲ್ಲಿ ಗಂಟು ಕಟ್ಟುತ್ತದೆ.

1841ರ ಬೇಸಿಗೆಯಲ್ಲಿ ಲಿಂಡ್ ಪ್ಯಾರಿಸ್ಸಿಗೆ ಹೋಗಿ ಮಾನ್ವೆಲ್ ಗಾರ್ಸಿಯಾ ಎಂಬ ಗುರುವಿನ ಮುಂದೆ ಹಾಡಿದಳು. ನಡುವೆಯೇ ದನಿ ಮುರಿಯಿತು. ನಿನಗೆ ದನಿಯೇ ಉಳಿದಿಲ್ಲ, ಕಲಿಸಿ ಪ್ರಯೋಜನವಿಲ್ಲ ಎಂಬರ್ಥದ ಮಾತು ಆತನ ಬಾಯಿಂದ ಬಂತು. ಕಣ್ಣೀರಿಟ್ಟವಳಿಗೆ ಆತ ಕೊಟ್ಟ ಔಷಧ ಒಂದೇ: ಆರು ವಾರ ಹಾಡಬೇಡ, ಮಾತನ್ನೂ ಆದಷ್ಟು ಕಡಿಮೆ ಮಾಡು, ಆಮೇಲೆ ಬಾ.

ನನ್ನನ್ನು ಪ್ರತಿ ಸಲ ಬೆರಗುಗೊಳಿಸುವ ಸಂಗತಿ ಇಲ್ಲಿದೆ. ಆ ದಿನ ಗಾರ್ಸಿಯಾ ಆಕೆಯ ಗಂಟಲೊಳಗೆ ಏನನ್ನೂ ನೋಡಿರಲಿಲ್ಲ, ನೋಡುವಂತೆಯೂ ಇರಲಿಲ್ಲ. ಹದಿಮೂರು ವರ್ಷಗಳ ನಂತರ, 1854ರಲ್ಲಿ, ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲ ಹಿಂಭಾಗಕ್ಕಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸಿ ತನ್ನದೇ ಧ್ವನಿತಂತುಗಳು ಕುಣಿಯುವುದನ್ನು ಕಂಡವನು ಇದೇ ಮನುಷ್ಯ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಆ ಪ್ರಬಂಧ ಮಂಡನೆಯಾಯಿತು. ಇಂದಿಗೂ ನಮ್ಮ ಜಿಲ್ಲಾ ಆಸ್ಪತ್ರೆಗಳ ಇಎನ್‌ಟಿ ವೈದ್ಯರ ಮೇಜಿನ ಮೇಲೆ, ಹಬೆ ಕಟ್ಟದಿರಲೆಂದು ಬೆಚ್ಚಗೆ ಮಾಡಿ ಬಾಯೊಳಗಿಡುವ ಆ ದುಂಡು ಕನ್ನಡಿ ಇದೆ. ಆದರೆ 1841ರಲ್ಲಿ ಆತನ ಬಳಿ ಇದ್ದದ್ದು ಕಿವಿ ಮಾತ್ರ. ಕಿವಿಯಲ್ಲೇ ದಣಿವನ್ನು ಗುರುತಿಸಿದ, ಇನ್ನಷ್ಟು ಸಾಧನೆ ಮಾಡು ಎನ್ನಲಿಲ್ಲ. ಗುರುವಾದವನಿಗೆ ಇದಕ್ಕಿಂತ ದೊಡ್ಡ ವಿದ್ಯೆ ನನಗೆ ತಿಳಿದಿಲ್ಲ.

ಆರು ವಾರದ ನಂತರ ಪಾಠ ಮೊದಲಿನಿಂದ ಶುರುವಾಯಿತು. ನಿಧಾನವಾಗಿ ಆರೋಹಣ, ಅವರೋಹಣ. ಪಕ್ಕದ ಎರಡು ಸ್ವರಗಳ ನಡುವೆ ತೂಗುವ ಟ್ರಿಲ್ ಅದಕ್ಕಿಂತ ನಿಧಾನ. ಉಸಿರಿನ ಮೇಲೆ ಗುರುವಿನ ಕಟ್ಟುನಿಟ್ಟಿನ ಕಣ್ಣು. ನಾಡಿಗೇ ಬೇಕಾದ ಗಾಯಕಿ ಮತ್ತೆ ಸರಳೆ ವರಸೆಗೆ ಕುಳಿತಂತೆ. 1842ರ ಅಕ್ಟೋಬರ್‌ನಲ್ಲಿ ಸ್ಟಾಕ್‌ಹೋಮ್‌ಗೆ ಮರಳಿ 'ನೊರ್ಮಾ' ಒಪೆರಾದಲ್ಲಿ ಹಾಡಿದಳು. ಬರ್ಲಿನ್, ವಿಯೆನ್ನಾ, 1847ರಲ್ಲಿ ಲಂಡನ್. ಇಟಲಿಯ ಸಂಯೋಜಕ ವೆರ್ಡಿ ಆಕೆಗಾಗಿ ಪಾತ್ರ ಬರೆದ. 1849ರಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಒಪೆರಾ ರಂಗವನ್ನು ತಾನಾಗಿಯೇ ಬಿಟ್ಟಳು. ಮುಂದೆ ಹಾಡಿದ್ದು ಕಛೇರಿಗಳಲ್ಲಿ. ಅಮೆರಿಕ ಪ್ರವಾಸದ ಹಣದಲ್ಲಿ ಬಹುಪಾಲು ದಾನಕ್ಕೆ ಹೋಯಿತು.

ಆದರೆ ನನಗೆ ಮುಖ್ಯವೆನಿಸುವುದು ಅದಲ್ಲ. 1883ರಲ್ಲಿ ಲಂಡನ್ನಿನಲ್ಲಿ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಆರಂಭವಾದಾಗ ಲಿಂಡ್ ಅಲ್ಲಿ ಗಾಯನದ ಪ್ರಾಧ್ಯಾಪಕಿಯಾದರು. ತನ್ನ ವಿದ್ಯಾರ್ಥಿನಿಯರು ಹಾಡು ಮಾತ್ರ ಕಲಿತರೆ ಸಾಲದು ಎಂದು ಹಟ ಹಿಡಿದರು. ಸ್ವರಲಿಪಿ ಓದಬೇಕು, ಪಿಯಾನೊ ನುಡಿಸಬೇಕು, ಹಾರ್ಮನಿ (ಸ್ವರಗಳನ್ನು ಒಟ್ಟಿಗೆ ಹೊಂದಿಸುವ ಬಗೆ) ತಿಳಿಯಬೇಕು, ಉಚ್ಚಾರ ತಿದ್ದಿಕೊಳ್ಳಬೇಕು, ಒಂದಾದರೂ ಪರಭಾಷೆ ಬರಬೇಕು. ಇದನ್ನು ಸಂಸ್ಕಾರದ ಮಾತೆಂದು ಹೊಗಳುವವರಿದ್ದಾರೆ. ನಾನು ನನ್ನ ವೃತ್ತಿಯ ಕಣ್ಣಿನಿಂದ ನೋಡುತ್ತೇನೆ. ಆ ಪಟ್ಟಿಯಲ್ಲಿ ಬಹುಪಾಲು ಗಂಟಲನ್ನು ದುಡಿಸದ ಕಲಿಕೆ. ಕೀರ್ತನೆಯೊಂದನ್ನು ಬೆರಳಿನಲ್ಲೂ ಮನಸ್ಸಿನಲ್ಲೂ ಕಲಿತವಳು ಅದನ್ನು ಐವತ್ತು ಸಲ ಬಾಯಿಬಿಟ್ಟು ಹಾಡಬೇಕಿಲ್ಲ. ನಮ್ಮಲ್ಲಿ ಗುರು ಹಾಡಿದ್ದನ್ನು ಶಿಷ್ಯರು ಹಾಡಿ ಒಪ್ಪಿಸುವುದೇ ಪಾಠ. ಅದರ ಸೊಗಸು ಬೇರೆಯೇ, ಆದರೆ ಗಂಟಲು ಕಟ್ಟಿದ ದಿನ ಪಾಠವೂ ನಿಂತಂತೆ ಆಗುತ್ತದೆ. ಅದಕ್ಕೇ ಮಕ್ಕಳು ಕಟ್ಟಿದ ಗಂಟಲಲ್ಲೇ ಹಾಡುತ್ತಾರೆ.

ಇಂದು ನಾವು ಆರು ವಾರದ ಪೂರ್ಣ ಮೌನವನ್ನು ಹೇಳುವುದಿಲ್ಲ. ಮೂರು ವಾರ ದಾಟಿದ ಒರಟು ದನಿಯನ್ನು ಇಎನ್‌ಟಿ ವೈದ್ಯರು ನೋಡಲೇಬೇಕು; ಆಮೇಲಿನದು ಅಳತೆಯ ಬಳಕೆ. ಈ ಹುಡುಗಿಗೂ ಹಾಗೆಯೇ. ಕೂಗು ಬೇಡ, ಪಿಸುಮಾತೂ ಬೇಡ, ನೀರು ಧಾರಾಳವಾಗಿ ಇರಲಿ. ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ಗುಳ್ಳೆ ಬರುವಂತೆ ಹಗುರವಾಗಿ ಗುನುಗುವ ಅಭ್ಯಾಸ ದಿನಕ್ಕೆ ಕೆಲವು ಸಲ. ಪಾಠ ಮಾತ್ರ ತಪ್ಪಿಸಬಾರದು: ಕುಳಿತು ಕೇಳಬೇಕು, ಕೈಯಲ್ಲಿ ತಾಳ ಹಾಕಬೇಕು, ಸಾಹಿತ್ಯ ಬರೆದುಕೊಳ್ಳಬೇಕು.

ನಾಲ್ಕನೆಯ ವಾರ ಬಂದಾಗ ತಾಯಿಯೇ ಹೇಳಿದರು, ಈಗ ತಾಳ ಮೊದಲಿನಂತೆ ಜಾರುವುದಿಲ್ಲವಂತೆ. ಪರೀಕ್ಷೆಯನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದಾರೆ. ಈ ವಾರದಿಂದ ಆಕೆಗೆ ಮಧ್ಯ ಷಡ್ಜದಿಂದ ಪಂಚಮದವರೆಗೆ ದಿನಕ್ಕೆ ಹತ್ತು ನಿಮಿಷ ಹಾಡಲು ಅನುಮತಿ ಕೊಟ್ಟಿದ್ದೇನೆ. ಗಡಿಯಾರ ನೋಡುವ ಕೆಲಸ ತಾಯಿಯದು.